ಟ್ಯಾಲೋ ಕಣಿವೆಯ ಎಡ ಜಾಡು

ಆಗಸ್ಟ್ ತಿಂಗಳ ಒಂದು ಮಂಗಳವಾರ, ಬೆಳಗಿನ ಆರು ಗಂಟೆಗೆ, ಟ್ಯಾಲೋ ಕಣಿವೆಯ ಪಡುವಣ ಬಾಯಲ್ಲಿ ಮೂರು ಜನ ಮತ್ತು ಒಂದು ಹೇಸರಗತ್ತೆ ಹೊರಡಲು ಸಿದ್ಧವಾಗಿ ನಿಂತಿದ್ದರು. ಮೂರು ದಿನದಲ್ಲಿ ಹದಿನೇಳು ಮೈಲಿ ನಡೆದು ಗುಡ್ಡಸಾಲಿನ ಆಚೆ, ಮೂಡಣ ಬಾಯಿಗೆ ಇಳಿಯಬೇಕು. ನಡೆಯುವುದೇನೂ ಮಹಾ ಅಲ್ಲ, ನಮ್ಮ ನೆವಾಡಾದಲ್ಲಿ ಮನೆಯಲ್ಲಿ ಬೇಜಾರಾದವರೆಲ್ಲ ನಡೆಯುತ್ತಾರೆ. ಆದರೆ ಈ ನಡಿಗೆಯ ಕೊನೆಗೆ ಒಂದು ಕಾಗದದ ಮೇಲೆ ಉತ್ತರ ಬರೆಯಬೇಕಿತ್ತು: ಕಣಿವೆಯ ಉದ್ದಕ್ಕೂ ಹೋಗುವ ಹಳೇ ಜೀಪು ಜಾಡು ರಸ್ತೆಯೋ, ಅಲ್ಲವೋ?

ಇದೇನು ಮಕ್ಕಳ ಪ್ರಶ್ನೆ ಎಂದು ನಗಬೇಡಿ. ರಸ್ತೆಯಿಲ್ಲದ ಸರಕಾರಿ ನೆಲ ಒಂದೇ ತುಂಡಾಗಿ ಐದು ಸಾವಿರ ಎಕರೆಯಾದರೂ ಇದ್ದರೆ ಅದನ್ನು ವನ್ಯಪ್ರದೇಶವೆಂದು ಕಾಯ್ದಿಡಿ ಎಂದು ಕೇಳಬಹುದು. ಒಮ್ಮೆ ಆ ಮುದ್ರೆ ಬಿತ್ತೆಂದರೆ ಅಲ್ಲಿ ಗಣಿಯ ಲಾರಿ ಬರುವಂತಿಲ್ಲ, ಡಾಂಬರು ಬೀಳುವಂತಿಲ್ಲ. ಕಾಲಿದ್ದವರು ಬರಬಹುದು, ಗೊರಸಿದ್ದವು ಬರಬಹುದು. ಟ್ಯಾಲೋ ಕಣಿವೆಯ ಸುತ್ತ ಅಂಥ ನೆಲ ಎಂಟು ಸಾವಿರ ಎಕರೆ ಇದೆ. ಜಾಡು ಹೋಗುವುದು ಅದರ ನಟ್ಟನಡುವೆ. ಅದನ್ನು ರಸ್ತೆ ಎಂದು ಬರೆದುಬಿಟ್ಟರೆ ನೆಲ ಎರಡು ಹೋಳು, ಹೋಳಿಗೆ ನಾಲ್ಕು ಸಾವಿರ, ಎರಡೂ ಲೆಕ್ಕಕ್ಕಿಲ್ಲ. ಕೌಂಟಿಯವರ, ಅಂದರೆ ನಮ್ಮ ಜಿಲ್ಲಾಡಳಿತದವರ, ನಕಾಶೆಯಲ್ಲಂತೂ ಅದಕ್ಕೆ ಆಗಲೇ ‘ನಲವತ್ತೊಂದನೇ ರಸ್ತೆ’ ಎಂದು ಹೆಸರಿಟ್ಟಾಗಿತ್ತು.

ಈ ಕಾಗದಕ್ಕಾಗಿ ಹನ್ನೊಂದು ವರ್ಷ ಕಾದವಳು ಲೋರೀನ್ ಅರಾಂಬುರು. ಐವತ್ತೆಂಟು ವರ್ಷ, ಶಾಲೆಯ ಅಡುಗೆಮನೆಯಲ್ಲಿ ಕೆಲಸ, ಸಣ್ಣ ಮೈ, ದೊಡ್ಡ ಗಂಟಲು. ಆಕೆಯ ತಾತ ಬಾಸ್ಕ್ ನಾಡಿನಿಂದ ಬಂದು ಈ ಗುಡ್ಡಗಳಲ್ಲಿ ಕುರಿ ಕಾದವನು. ತಿಂಗಳಿಗೆ ಎರಡು ಶನಿವಾರ ಆಕೆ ಊರವರನ್ನು ಕರೆದುಕೊಂಡು ಬಂದು ಕಣಿವೆಯಲ್ಲಿ ನಡೆಸುತ್ತಿದ್ದಳು. ನೋಡದ ನೆಲದ ಪರವಾಗಿ ಯಾರೂ ಅರ್ಜಿಗೆ ಸಹಿ ಹಾಕುವುದಿಲ್ಲ, ಕಾಲು ನೋಯಿಸಿಕೊಂಡವರು ಹಾಕುತ್ತಾರೆ ಎಂಬುದು ಆಕೆಯ ನಂಬಿಕೆ. ಹಾಗೆ ಕೂಡಿದ ಸಹಿಗಳೇ ಕೊನೆಗೂ ನೆಲದ ಇಲಾಖೆಯಿಂದ ಒಬ್ಬ ಪರೀಕ್ಷಕರನ್ನು ಹೊರಡಿಸಿದ್ದವು.

ಆ ಪರೀಕ್ಷಕರೇ ಥರ್ಮನ್ ಪೈಲ್. ನಲವತ್ತರ ಆಸುಪಾಸಿನ, ಉದ್ದನೆಯ, ಮಾತು ಕಮ್ಮಿಯ ಮನುಷ್ಯ. ಕಾಲು ಮೈಲಿಗೊಮ್ಮೆ ನಿಲ್ಲುವುದು, ಅಳತೆಕೋಲು ನೆಡುವುದು, ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವುದು, ಪುಸ್ತಕದಲ್ಲಿ ಎರಡು ಸಾಲು ಬರೆದು ಅಂಗಿಯ ಜೇಬಿಗೆ ಸೇರಿಸುವುದು, ಇದು ಅವರ ಕೆಲಸ. ನಕ್ಕರೆ ಎಲ್ಲಿ ವರದಿ ಕೆಡುತ್ತದೋ ಎಂಬ ಭಯ ಅವರಿಗಿದ್ದಂತಿತ್ತು.

ಮೂರನೆಯವನು ನಮ್ಮ ಆರ್ವಿಲ್ ಸ್ಟಾಡ್. ಎಪ್ಪತ್ನಾಲ್ಕು ವರ್ಷ. ಕೌಂಟಿಯ ರಸ್ತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಗ್ರೇಡರ್ ಓಡಿಸಿ ಮಣ್ಣುದಾರಿಗಳನ್ನು ಸಮ ಮಾಡಿದವನು. ಹೆಂಡತಿ ತೀರಿಕೊಂಡ ಮೇಲೆ ಲೋರೀನಳ ಶನಿವಾರದ ನಡಿಗೆಗೆ ಸೇರಿದ, ಆಮೇಲೆ ಒಂದನ್ನೂ ತಪ್ಪಿಸಲಿಲ್ಲ. ಹೇಸರಗತ್ತೆ ಅವನದೇ. ಅದರ ಹೆಸರು ಸೆನೆಟರ್.

“ಸೆನೆಟರ್ ಅಂತ ಯಾಕಿಟ್ರಿ?” ಎಂದು ಪೈಲ್ ಕೇಳಿದರು.

“ಹಿಂದಿನಿಂದ ಹತ್ತು ಜನ ತಳ್ಳದೆ ಹೆಜ್ಜೆ ಇಡಲ್ಲ ಸಾಹೇಬ್ರೆ,” ಎಂದ ಆರ್ವಿಲ್. “ಆದ್ರೆ ಊಟದ ಹೊತ್ತಿಗೆ ಎಲ್ಲರಿಗಿಂತ ಮುಂದೆ.”

ಪೈಲ್ ನಗಲಿಲ್ಲ. ಹೊರಟರು.

ಕಣಿವೆಯ ಮೊದಲ ಆರು ಮೈಲಿ ಅಗಲವಾಗಿದೆ. ಎರಡೂ ಕಡೆ ತಾಮ್ರದ ಬಣ್ಣದ ಬಂಡೆಗೋಡೆ, ನಡುವೆ ಬೂದುಹಸಿರಿನ ಸೇಜ್ ಪೊದೆಗಳು ಮೊಣಕಾಲೆತ್ತರಕ್ಕೆ ಹಬ್ಬಿರುತ್ತವೆ. ಬಿಸಿಲು ಏರಿದಂತೆ ಪೊದೆಗಳಿಂದ ಔಷಧಿ ಅಂಗಡಿಯ ವಾಸನೆ ಏಳುತ್ತದೆ. ಒಂದು ಸಣ್ಣ ತೊರೆ ಜಾಡಿನ ಪಕ್ಕದಲ್ಲೇ ಕುಲುಕುಲು ಎನ್ನುತ್ತ ಎಡಕ್ಕೊಮ್ಮೆ ಬಲಕ್ಕೊಮ್ಮೆ ದಾಟುತ್ತದೆ. ಮೇಲೆ ಹದ್ದು, ಕೆಳಗೆ ಕಾಡುಮೊಲ, ಮನುಷ್ಯರ ಸದ್ದೆಂದರೆ ಬರೀ ನಮ್ಮವರದೇ. ಲೋರೀನಳಿಗೆ ಖುಷಿಯೋ ಖುಷಿ. ಒಂದೊಂದು ತಿರುವು ಬಂದಾಗಲೂ ಪರೀಕ್ಷಕರ ಮುಖ ನೋಡುತ್ತಿದ್ದಳು, ಹೆಣ್ಣು ತೋರಿಸುವ ಮನೆಯವರು ಗಂಡಿನ ಕಡೆಯವರ ಮುಖ ನೋಡುವ ಹಾಗೆ.

ಎರಡನೇ ಮೈಲಿಯಲ್ಲಿ ಪೈಲ್ ಕುಕ್ಕರಗಾಲಲ್ಲಿ ಕೂತರು. ಜಾಡೆಂದರೆ ಎರಡು ಚಕ್ರದ ಎರಡು ಗೆರೆ. ಬಲಗೆರೆಯಲ್ಲಿ ಸೇಜ್ ಪೊದೆಗಳು ದಟ್ಟವಾಗಿ ಬೆಳೆದಿದ್ದವು. ಎಡಗೆರೆ ಮಾತ್ರ ಗುಡಿಸಿಟ್ಟ ಅಂಗಳ. ಕಲ್ಲುಗಳೆಲ್ಲ ಪಕ್ಕಕ್ಕೆ ಸರಿದು ಸಾಲಾಗಿ ಕೂತಿದ್ದವು. ಒಂದು ಕಡೆ ಮಳೆ ಕೊರೆದ ಕೊರಕಲಿಗೆ ಚಪ್ಪಟೆ ಕಲ್ಲು ತುಂಬಿ ಮಣ್ಣು ತುಳಿದು ಗಟ್ಟಿ ಮಾಡಲಾಗಿತ್ತು.

“ಇಲ್ಲಿ ಯಾರೋ ಕೆಲಸ ಮಾಡಿದ್ದಾರೆ,” ಎಂದರು ಪೈಲ್. “ಇದು ಈಚೆಗೆ ಮುಚ್ಚಿದ ಕೊರಕಲು. ಅಲ್ಲಿ ನೀರು ಹೊರಹೋಗೋಕೆ ಸಣ್ಣ ಕಾಲುವೆ ಬೇರೆ ಬಿಡಿಸಿದ್ದಾರೆ. ಚೆನ್ನಾಗಿ ಕೆಲಸ ಗೊತ್ತಿರೋರು.”

ಲೋರೀನ್ ಬಗ್ಗಿ ಆ ಕಲ್ಲುಗಳನ್ನು ನೋಡಿದಳು. ಈ ಜಾಡು ರಸ್ತೆಯಾಗುವುದು ಎರಡು ಮಾತಿನ ಮೇಲೆ ಎಂಬುದು ಆಕೆಗೆ ಬಾಯಿಪಾಠ: ಜನ ಸಲಕರಣೆ ಹಿಡಿದು ಕಟ್ಟಿರಬೇಕು, ಗಾಡಿ ಓಡಾಡಲೆಂದು ಸರಿಮಾಡುತ್ತ ಬಂದಿರಬೇಕು. ಬರೀ ಚಕ್ರ ಉರುಳಿ ಬಿದ್ದ ಗೆರೆ ರಸ್ತೆಯಲ್ಲ.

“ಬಲಗಡೆ ಪೊದೆ ಬೆಳೆದಿದೆಯಲ್ಲ, ಪೈಲ್ ಅವರೇ,” ಎಂದಳು.

“ಅದನ್ನೂ ಬರೀತೀನಿ. ಇದನ್ನೂ ಬರೀಬೇಕಲ್ಲಮ್ಮ. ಅರ್ಧ ಕೆಲಸ ಮುಗಿಸಿದ್ದಾರೆ, ಇನ್ನರ್ಧ ಮಾಡೋಕೆ ಬರ್ತಾರೆ ಅಂತಲೂ ಅನ್ಕೋಬಹುದು.”

“ಕೌಂಟಿಯವರೇ ಇರ್ಬೇಕು,” ಲೋರೀನ್ ಹಲ್ಲು ಕಡಿದಳು. “ನಾವು ಅರ್ಜಿ ಹಾಕಿದ್ದು ಗೊತ್ತಾಗಿ ಕದ್ದು ಬಂದು ಮಾಡಿದ್ದಾರೆ. ಅಲ್ವಾ ಆರ್ವಿಲ್?”

ಆರ್ವಿಲ್ ಸೆನೆಟರನ ಕಿವಿಯಲ್ಲಿ ಏನೋ ಹುಡುಕುತ್ತಿದ್ದ.

ಮೂರನೇ ಮೈಲಿಯಲ್ಲೂ ಹಾಗೇ. ನಾಲ್ಕರಲ್ಲೂ ಹಾಗೇ. ಪೈಲ್ ಚಿತ್ರ ಹಿಡಿದರು, ಬರೆದರು, ಜೇಬಿಗೆ ಹಾಕಿಕೊಂಡರು. ಲೋರೀನಳ ಮುಖ ಸಪ್ಪಗಾಯಿತು. ಮಧ್ಯಾಹ್ನ ಆಕೆ ತಾತನ ಕಾಲದ ಕುರಿಗಾಹಿಗಳ ದಪ್ಪ ರೊಟ್ಟಿ ಕತ್ತರಿಸಿ ಸಾಸೇಜಿನ ಜೊತೆ ಹಂಚಿದಾಗ ಪೈಲ್ ಎರಡು ಸಲ ಹಾಕಿಸಿಕೊಂಡರು, ಅದೊಂದೇ ಸಮಾಧಾನ.

ಊಟವಾಗಿ ಹೊರಟ ಮೇಲೆ ಆಕೆ ಬಾಟಲಿ ತುಂಬಿಕೊಳ್ಳಲು ಹಿಂದುಳಿದಳು. ಶನಿವಾರಗಳಲ್ಲಿ ಆಕೆ ಯಾವಾಗಲೂ ಸಾಲಿನ ಮುಂದೆ, ಆರ್ವಿಲ್ ಕಟ್ಟಕಡೆಗೆ. ಹೀಗಾಗಿ ಹನ್ನೊಂದು ವರ್ಷದಲ್ಲಿ ಅವನು ನಡೆಯುವುದನ್ನು ಹಿಂದಿನಿಂದ ಆಕೆ ನೋಡಿಯೇ ಇರಲಿಲ್ಲ. ಈಗ ನೋಡಿದಳು.

ಎಡಗೆರೆಯಲ್ಲಿ ಒಂದು ಕಲ್ಲು ಬಿದ್ದಿತ್ತು. ಆರ್ವಿಲ್ ಸೆನೆಟರನಿಗೆ ಏನೋ ಬೈಯುತ್ತ ನಡೆಯುತ್ತಿದ್ದ. ಮಾತು ನಿಲ್ಲಲಿಲ್ಲ, ಹೆಜ್ಜೆಯೂ ನಿಲ್ಲಲಿಲ್ಲ. ಬಲಬೂಟು ತಾನೇ ತಾನಾಗಿ ಬಾಗಿತು, ಕಲ್ಲನ್ನು ಮೆಲ್ಲಗೆ ಪಕ್ಕಕ್ಕೆ ಒತ್ತಿತು, ಹಿಮ್ಮಡಿಯಿಂದ ಗುಳಿಗೆ ಎರಡು ಸಲ ಮಣ್ಣೆಳೆಯಿತು, ತುಳಿಯಿತು, ಮುಂದೆ ಹೋಯಿತು. ಹತ್ತು ಹೆಜ್ಜೆಯಾಚೆ ಮತ್ತೊಂದು ಕಲ್ಲು. ಮತ್ತೆ ಬೂಟು.

ಲೋರೀನ್ ಓಡಿಬಂದು ಅವನ ತೋಳು ಹಿಡಿದು ಒಂದು ಜೂನಿಪರ್ ಮರದ ಹಿಂದಕ್ಕೆ ಎಳೆದಳು.

“ನೀನಾ?”

ಆರ್ವಿಲನ ಮುಖ ಇಂಗು ತಿಂದ ಮಂಗನ ಹಾಗಾಯಿತು. “ಬೆಳಿಗ್ಗೆಯಿಂದ ಹೇಳ್ಬೇಕು ಅಂತಿದ್ದೆ.”

“ಎಷ್ಟು ವರ್ಷದಿಂದ?”

“ಮೊದಲನೇ ವರ್ಷ ನಡಿಗೆಯಲ್ಲಿ ನಮ್ಮ ಗಂಡರ್ಸನ್ನಮ್ಮ ಕಾಲು ಉಳುಕಿಸ್ಕೊಂಡ್ರಲ್ಲ, ಆವತ್ತಿಂದ. ನೀನೇ ಹೇಳಿದ್ದು, ಎಲ್ರೂ ಸಾಲಾಗಿ ಎಡಗೆರೆಯಲ್ಲೇ ನಡೀರಿ, ಗಿಡ ತುಳೀಬೇಡಿ ಅಂತ. ಎಡಗೆರೆ ಚೆನ್ನಾಗಿರ್ಲಿ ಅಂತ ನಾನು… ಕಾಲು ಕೇಳಲ್ಲ ಕಣೇ. ಗುಂಡಿ ಕಂಡ್ರೆ ಮುಚ್ಚುತ್ತೆ. ಮೂವತ್ತೊಂದು ವರ್ಷದ ಚಟ.”

“ರಸ್ತೆ ಬೇಡ ಅಂತ ಹನ್ನೊಂದು ವರ್ಷ ನಾನು ಬಾಯಿ ಬಡ್ಕೊಂಡೆ. ಹಿಂದೆ ನೀನು ರಸ್ತೆ ಮಾಡ್ಕೊಂಡು ಬಂದೆ.” ಲೋರೀನಳ ಕಣ್ಣಲ್ಲಿ ನೀರು ಬಂದುಬಿಟ್ಟಿತು. “ಕೌಂಟಿಯವರಿಗೆ ಗೊತ್ತಾದ್ರೆ ಕುಣೀತಾರೆ. ‘ನೋಡಿ, ಅವರೇ ರಸ್ತೆ ಕಾಪಾಡ್ಕೊಂಡು ಬಂದಿದ್ದಾರೆ’ ಅಂತಾರೆ. ಮುಗೀತು.”

“ನಾನೇ ಪೈಲ್‌ಗೆ ಹೇಳ್ತೀನಿ. ರಾತ್ರಿ ಊಟ ಆಗ್ಲಿ.”

ರಾತ್ರಿ ಊಟವಾಯಿತು, ಬೆಳಗಿನ ಕಾಫಿಯೂ ಆಯಿತು. ಆರ್ವಿಲನ ಬಾಯಿಗೆ ಮಾತು ಬರಲಿಲ್ಲ. ಎರಡು ಸಲ ಗಂಟಲು ಸರಿಮಾಡಿಕೊಂಡ, ಎರಡು ಸಲವೂ ಪೈಲ್ ಅವರಿಗೆ ಕೆಮ್ಮಿನ ಮಿಠಾಯಿ ಕೊಟ್ಟರು.

ಬುಧವಾರ ಮಧ್ಯಾಹ್ನ ಅವರು ಸಂದಿಯೊಳಗೆ ಕಾಲಿಟ್ಟರು. ಕಣಿವೆ ಅಲ್ಲಿ ಇದ್ದಕ್ಕಿದ್ದಂತೆ ಸೊರಗುತ್ತದೆ. ಒಂದು ಮೈಲಿ ಉದ್ದಕ್ಕೆ ಎರಡು ಗೋಡೆಗಳ ನಡುವೆ ಜಾಡಿಗೂ ತೊರೆಗೂ ಆಗುವಷ್ಟೇ ಜಾಗ. ಗೋಡೆ ನೂರೈವತ್ತು ಅಡಿ ಎತ್ತರ, ಆಕಾಶ ಒಂದು ನೀಲಿ ಪಟ್ಟಿ. ಬೇಸಿಗೆಯ ನಡುಮಧ್ಯಾಹ್ನದಲ್ಲೂ ಕಲ್ಲು ತಣ್ಣಗಿರುತ್ತದೆ, ಮಾತಾಡಿದರೆ ಮಾತು ಎರಡು ಸಲ ಕೇಳುತ್ತದೆ. ಕೌಂಟಿಯವರು ರಸ್ತೆ ಎಂದು ಹಟ ಹಿಡಿದಿದ್ದು ಮುಖ್ಯವಾಗಿ ಈ ಮೈಲಿಯ ಮೇಲೆ, ಏಕೆಂದರೆ ಇದು ತೆರೆದಿದ್ದರೆ ಮಾತ್ರ ಗಾಡಿ ಆಚೆಗೆ ಹೋಗುತ್ತದೆ. ಪೈಲ್ ಅಳತೆಕೋಲಿನ ಮೇಲೆ ಕ್ಯಾಮೆರಾ ಕೂಡಿಸಿ ಜಾಡಿನ ಮಧ್ಯೆ ನೆಟ್ಟರು.

ಆರ್ವಿಲ್ ತೊರೆಯ ಕಡೆ ನೋಡುತ್ತಿದ್ದ.

“ಲೋರೀನ್, ಈ ನೀರು ಬೆಳಿಗ್ಗೆ ತಿಳಿಯಾಗಿತ್ತು ಅಲ್ವಾ?”

ನೀರು ಚಹದ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಪೈನ್ ಮರದ ಸೂಜಿಯೆಲೆಗಳು ತೇಲಿಬರುತ್ತಿದ್ದವು. ಪೈನ್ ಮರ ಇರುವುದು ಗುಡ್ಡದ ನೆತ್ತಿಯಲ್ಲಿ, ಐದು ಮೈಲಿ ಮೇಲೆ.

“ಮೇಲೆ ಮಳೆ ಬಿದ್ದಿದೆ,” ಎಂದ ಆರ್ವಿಲ್. ದನಿ ಏರಿಸಲಿಲ್ಲ. “ಎಲ್ರೂ ಬಂಡೆ ಹತ್ತಿ. ಈಗಲೇ.”

ಎಡಗೋಡೆಯಲ್ಲಿ ಕಲ್ಲು ಕುಸಿದು ಮೆಟ್ಟಿಲಾದ ಜಾಗವೊಂದಿತ್ತು. ಇಪ್ಪತ್ತಡಿ ಮೇಲೆ ನಿಲ್ಲುವಷ್ಟು ಅಗಲದ ಒಂದು ಬಂಡೆಯ ಚಾಚು. ಲೋರೀನ್ ಸೆನೆಟರನ ಉದ್ದ ಹಗ್ಗ ಹಿಡಿದು ಮುಂದೆ ಹತ್ತಿದಳು. ಕಲ್ಲು ಜಾರಿತು, ಮೊಣಕಾಲು ತರಚಿತು, ಮತ್ತೆ ಹತ್ತಿದಳು. ಆರ್ವಿಲ್ ಕೆಳಗಿನಿಂದ ಸೆನೆಟರನ ಹಿಂಭಾಗಕ್ಕೆ ಭುಜ ಕೊಟ್ಟು ತಳ್ಳಿದ.

“ಹತ್ತೋ ಮಾರಾಯ. ಇದೊಂದು ಸಲ ವೋಟು ಹಾಕು.”

ಸೆನೆಟರ್ ಜಪ್ಪಯ್ಯ ಎಂದರೂ ಕದಲಲಿಲ್ಲ. ಆಮೇಲೆ ಅದಕ್ಕೇ ಏನೋ ವಾಸನೆ ಹತ್ತಿತು. ಒಂದೇ ನೆಗೆತಕ್ಕೆ ಮೇಲೇರಿತು, ಆರ್ವಿಲ್ ಅದರ ಬಾಲ ಹಿಡಿದೇ ಮೇಲೆ ಬಂದ.

“ಪೈಲ್ ಎಲ್ಲಿ?”

ಪೈಲ್ ಕೆಳಗಿದ್ದರು. ಅರ್ಧ ಹತ್ತಿದವರು ಕ್ಯಾಮೆರಾ ತರಲು ವಾಪಸು ಇಳಿದಿದ್ದರು. ಸರಕಾರದ ಕ್ಯಾಮೆರಾ, ನಿನ್ನೆಯ ಚಿತ್ರಗಳೆಲ್ಲ ಅದರಲ್ಲೇ.

ಆಗ ಸದ್ದು ಬಂತು. ಹತ್ತು ಲಾರಿ ಜಲ್ಲಿ ಒಟ್ಟಿಗೆ ಸುರಿದ ಸದ್ದು.

“ಬಿಟ್ಟು ಬನ್ನಿ!” ಲೋರೀನ್ ಕೂಗಿದಳು.

ತಿರುವಿನಿಂದ ಕಂದು ಗೋಡೆಯೊಂದು ಹೊರಬಿತ್ತು. ನೀರಿಗಿಂತ ಮರದ ದಿಮ್ಮಿ, ಕಲ್ಲು, ಕೆಸರೇ ಹೆಚ್ಚು. ಅಳತೆಕೋಲು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಪೈಲ್ ಮೊದಲ ಮೆಟ್ಟಿಲು ಹಿಡಿದರು. ನೀರು ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು. ಕಾಲನ್ನು ಮೆಟ್ಟಿಲಿಂದ ಕಿತ್ತಿತು.

ಆರ್ವಿಲ್ ಹಗ್ಗದ ಒಂದು ತುದಿಯನ್ನು ಸೆನೆಟರನ ಜೀನಿಗೆ ಬಿಗಿದ, ಇನ್ನೊಂದನ್ನು ಕೆಳಗೆಸೆದ. ಪೈಲ್ ಅದನ್ನು ಮಣಿಕಟ್ಟಿಗೆ ಸುತ್ತಿಕೊಂಡರು. ಹಗ್ಗ ಬಿಗಿಯಿತು.

“ಎಳಿ ಸೆನೆಟರ್, ಎಳಿ.”

ಸೆನೆಟರ್ ಎಳೆಯಲಿಲ್ಲ. ನಾಲ್ಕು ಕಾಲೂ ಅಗಲಿಸಿ, ಕಿವಿ ಹಿಂದಕ್ಕೆ ಮಡಚಿ, ಇದ್ದಲ್ಲೇ ನಿಂತುಬಿಟ್ಟಿತು. ಪ್ರವಾಹ ಪೈಲ್ ಅವರನ್ನು ಎಳೆಯಿತು, ಪೈಲ್ ಹಗ್ಗವನ್ನು ಎಳೆದರು, ಸೆನೆಟರ್ ಒಂದಂಗುಲವೂ ಕೊಡಲಿಲ್ಲ. ಹುಟ್ಟಿದ ಹನ್ನೆರಡು ವರ್ಷದಲ್ಲಿ ಮೊದಲ ಸಲ ಅದರ ಹಟ ಒಬ್ಬರ ಉಪಯೋಗಕ್ಕೆ ಬಂತು. ಆರ್ವಿಲ್ ಹೊಟ್ಟೆಯ ಮೇಲೆ ಮಲಗಿ ಕೈ ಚಾಚಿದ, ಲೋರೀನ್ ಅವನ ಕಾಲ ಮೇಲೆ ಕೂತಳು. ಬೆಲ್ಟು ಸಿಕ್ಕಿತು. ಒಂದು, ಎರಡು, ಮೂರು ಎಂದು ಎಳೆದರು. ಪರೀಕ್ಷಕರು ಕೆಸರಿನ ಮೂಟೆಯಾಗಿ ಚಾಚಿನ ಮೇಲೆ ಬಿದ್ದರು.

ಪೈಲ್ ಕೆಮ್ಮಿ ಕೆಮ್ಮಿ ಎದ್ದು ಕೂತರು. ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದರು. ಒಳಗೆ ಪುಸ್ತಕ ಒಣಗಿಯೇ ಇತ್ತು. ಅದನ್ನು ಸವರಿ ಮತ್ತೆ ಒಳಗಿಟ್ಟರು.

“ನನ್ನ ಪ್ರಾಣ ಉಳಿಸಿದ್ದನ್ನ ಬರೆಯೋಕೆ ಫಾರಂನಲ್ಲಿ ಜಾಗ ಇಲ್ಲ,” ಎಂದರು. “ಅದಕ್ಕೆ ಬಾಯಲ್ಲೇ ಹೇಳ್ತೀನಿ. ಥ್ಯಾಂಕ್ಸ್.”

“ಸೆನೆಟರ್‌ಗೆ ಹೇಳಿ ಸಾಹೇಬ್ರೆ. ಅದು ಏನೂ ಮಾಡದೆ ಮಾಡಿದ್ದು.”

ಈ ಸಲ ಪೈಲ್ ನಕ್ಕರು. ಹಲ್ಲಿನ ತುಂಬ ಮಣ್ಣು.

ಒಂದು ಗಂಟೆಯಲ್ಲಿ ನೀರು ಇಳಿಯತೊಡಗಿತು. ಕೆಳಗೆ ಜಾಡು ಇರಲಿಲ್ಲ. ಎಡಗೆರೆಯೂ ಇಲ್ಲ, ಬಲಗೆರೆಯೂ ಇಲ್ಲ. ಎಮ್ಮೆ ಗಾತ್ರದ ಬಂಡೆಗಳು, ಬುಡಮೇಲಾದ ಪೈನ್ ಮರಗಳು, ಮಂಡಿಯುದ್ದ ಕೆಸರು.

ಪೈಲ್ ಚಾಚಿನ ಆ ತುದಿಗೆ ಹೋಗಿ ಬೂಟಿನ ನೀರು ಸುರಿಯುತ್ತಿದ್ದಾಗ ಲೋರೀನ್ ಆರ್ವಿಲನ ಕಿವಿಗೆ ಬಾಗಿದಳು.

“ಇನ್ನು ಹೇಳ್ಬೇಡ.”

“ಏನು?”

“ನೀರೇ ಎಲ್ಲ ಒಯ್ದಿದೆ. ಕ್ಯಾಮೆರಾನೂ ಹೋಯ್ತು. ಈಗಿರೋದನ್ನೇ ಬರ್ಕೊಳ್ಲಿ. ಸುಮ್ನಿರು ಆರ್ವಿಲ್, ನಿನ್ನ ಕಾಲಿಗೆ ಬೀಳ್ತೀನಿ.”

ಹೇಳಿದ್ದು ತಾನೇ ಎಂದು ಆಕೆಗೇ ನಂಬಿಕೆಯಾಗಲಿಲ್ಲ. ಸುಳ್ಳು ಹೇಳಿದರೆಂದು ಶಾಲೆಯ ಮಕ್ಕಳಿಗೆ ಎರಡನೇ ಸಲ ಪುಡಿಂಗು ಬಡಿಸದ ಹೆಂಗಸು ಅವಳು. ಆದರೆ ಹನ್ನೊಂದು ವರ್ಷ ಸಣ್ಣದಲ್ಲ. ಗುಡ್ಡದ ಮೇಲಿನ ಬಯಲಿನಲ್ಲಿ ಅವರ ನಡಿಗೆಯ ಇನ್ನೊಂದು ಮೈಲಿ ಪ್ರವಾಹಕ್ಕೆ ಸಿಗದೆ ಹಾಗೇ ಉಳಿದಿದೆ ಎಂಬುದೂ ಆ ಹೊತ್ತಿಗೆ ಅವಳಿಗೆ ನೆನಪಾಗಲಿಲ್ಲ.

ಆರ್ವಿಲ್ ತನ್ನ ಬೂಟುಗಳನ್ನು ನೋಡುತ್ತ ಕೂತ. ಆಮೇಲೆ ಎದ್ದು ನಿಂತ.

“ಪೈಲ್ ಸಾಹೇಬ್ರೆ. ಆ ಎಡಗೆರೆ ಕೆಲಸ ನಂದು.”

ಲೋರೀನ್ ಕಣ್ಣು ಮುಚ್ಚಿಕೊಂಡಳು.

“ಮೂವತ್ತೊಂದು ವರ್ಷ ದಿನಾ ಸಂಜೆ ಕೆಲಸದ ಪಟ್ಟಿ ಬರೆದುಕೊಟ್ಟೋನು ನಾನು. ಮಾಡದ ಕೆಲಸ ಬರೀಲಿಲ್ಲ, ಮಾಡಿದ ಕೆಲಸ ಮುಚ್ಚಿಡಲಿಲ್ಲ. ಈಗ ಶುರು ಮಾಡೋಕೆ ವಯಸ್ಸಾಯ್ತು. ಲೋರೀನ್‌ಗೆ ನಿನ್ನೆ ತನಕ ಗೊತ್ತಿರಲಿಲ್ಲ.”

ಪೈಲ್ ಬೂಟು ಕೆಳಗಿಟ್ಟರು. ಪುಸ್ತಕ ತೆಗೆದರು.

“ಯಾವ ಸಲಕರಣೆ? ಸಲಿಕೆ, ಹಾರೆ?”

“ಇದು.” ಆರ್ವಿಲ್ ಬಲಗಾಲು ಎತ್ತಿ ತೋರಿಸಿದ. “ಸಲಿಕೆ ತರ್ತೀನಿ ಅಂತ ಮೂರು ಸಲ ಕೇಳಿದ್ದೆ. ಹಾವಿಗೆ ಅಂತ ಸುಳ್ಳು ಹೇಳಿದ್ದೆ.”

“ನಾನು ಬಿಡಲಿಲ್ಲ,” ಎಂದಳು ಲೋರೀನ್, ಕಣ್ಣು ತೆರೆಯದೆ. “ಸಲಿಕೆ ಹೊರೋ ಬದಲು ಎರಡು ಬಾಟಲಿ ನೀರು ಹೊರು ಅಂದಿದ್ದೆ.”

“ಎಡಗೆರೆ ಮಾತ್ರ ಯಾಕೆ?”

“ನಡೆಯೋರು ಸಾಲಾಗಿ ಎಡದಲ್ಲೇ ನಡೀತಾರೆ. ಗಂಡರ್ಸನ್ನಮ್ಮನಿಗೆ ಎಂಬತ್ತಾಯ್ತು. ಉಳುಕಿದ್ರೆ ಹೊತ್ಕೊಂಡು ಬರೋನು ನಾನೇ. ಬಲಗೆರೆ ಯಾರಿಗೆ ಬೇಕು?”

ಪೈಲ್ ನಿನ್ನೆಯ ಹಾಳೆ ತಿರುವಿದರು. ಬೆರಳಿಟ್ಟು ಓದಿದರು. “‘ಎಡ ಚೊಕ್ಕಟ, ಬಲ ಪೊದೆ. ಗೊತ್ತಿಲ್ಲದ ಯಾರೋ ಸರಿಮಾಡಿದ್ದಾರೆ, ಕಾರಣ ತಿಳಿಯದು.’ ಚಿತ್ರ ಹೋದ್ರೂ ಇದು ನನ್ನ ಜೇಬಲ್ಲೇ ಇತ್ತು. ನೀವು ಸುಮ್ಮನಿದ್ದಿದ್ರೆ ಇದನ್ನ ಇದ್ದಹಾಗೇ ಮೇಲಕ್ಕೆ ಕಳಿಸ್ಬೇಕಾಗ್ತಿತ್ತು. ಕಾರಣ ತಿಳಿಯದು ಅಂದ್ರೆ ಕೌಂಟಿಯವರು ಕಾರಣ ತಾವೇ ಕೊಡ್ತಾರೆ. ರಸ್ತೆ ಆಗಿಬಿಡೋದು.”

ಲೋರೀನ್ ಕಣ್ಣು ತೆರೆದಳು.

“ನಾನು ಬರೀ ಮಾತು ಕೇಳಿ ಬರೆಯೋನಲ್ಲ,” ಎಂದು ಪೈಲ್ ಬೂಟಿನ ದಾರ ಕಟ್ಟಿದರು. “ನೀರು ಮುಟ್ಟದ ಕಡೆ ನಿಮ್ಮ ಕೆಲಸ ಇನ್ನೂ ಇದೆಯಾ?”

“ಮೇಲೆ ಬಯಲಲ್ಲಿ ಒಂದು ಮೈಲಿ ಇದೆ,” ಎಂದ ಆರ್ವಿಲ್.

“ತೋರಿಸಿ.”

ಸಂದಿಯ ತಳದಲ್ಲಿ ಹೋಗುವ ಮಾತಿರಲಿಲ್ಲ. ಚಾಚಿನಿಂದ ಮೇಲಕ್ಕೆ ಒಂದು ಬಿರುಕು ಹೋಗಿತ್ತು, ಲೋರೀನಳ ತಾತ ಕಳೆದುಹೋದ ಕುರಿ ಹುಡುಕಲು ಹತ್ತುತ್ತಿದ್ದನಂತೆ. ಕೈ ಮೊದಲು, ಕಾಲು ಆಮೇಲೆ. ಆರ್ವಿಲನ ಮೊಣಕಾಲು ಕಟಕಟ ಎಂದಿತು, ಪೈಲ್ ಅವರ ಮಣಿಕಟ್ಟು ಊದಿಕೊಂಡಿತ್ತು. ಸಾಮಾನು ಇಳಿಸಿ ಹಗ್ಗದಲ್ಲಿ ಒಂದೊಂದೇ ಎಳೆದುಕೊಂಡರು. ಸೆನೆಟರನನ್ನು ಹತ್ತಿಸಲು ಎರಡು ಗಂಟೆ, ಒಂದು ಚೀಲ ಓಟ್ಸು ಮತ್ತು ಇಲ್ಲಿ ಬರೆಯಲಾಗದ ಮಾತುಗಳು ಖರ್ಚಾದವು. ಸೂರ್ಯ ಮುಳುಗುವಾಗ ಮೂವರೂ ಬಯಲಿನ ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದರು.

ಗುರುವಾರ ಬೆಳಕು ಹರಿದೊಡನೆ ನೋಡಿದರು. ಬಯಲು ತೊಳೆದಿಟ್ಟ ಹಾಗಿತ್ತು. ಮಳೆಯ ಮಾರನೆಯ ಬೆಳಿಗ್ಗೆ ಸೇಜ್ ಪೊದೆ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ, ದೂರದಲ್ಲಿ ಆಸ್ಪೆನ್ ತೋಪಿನ ಎಲೆಗಳು ಗಾಳಿಯಿಲ್ಲದೆಯೂ ಅಲ್ಲಾಡುತ್ತಿರುತ್ತವೆ, ಅವುಗಳ ಬಿಳಿ ತೊಗಟೆಯ ಮೇಲೆ ಹಳೇ ಕುರಿಗಾಹಿಗಳು ಕೊರೆದ ಹೆಸರುಗಳಿವೆ. ಅವುಗಳ ಮುಂದೆಯೇ ಜಾಡು ಹಾದುಹೋಗಿತ್ತು. ಎಡಗೆರೆ ಚೊಕ್ಕಟ. ಬಲಗೆರೆಯಲ್ಲಿ ಸೊಂಟದೆತ್ತರದ ಪೊದೆಗಳು, ಒಂದಕ್ಕೊಂದು ಹೆಣೆದುಕೊಂಡು.

ಒಂದು ಪೊದೆ ಸತ್ತು ಒಣಗಿ ಬುಡದಲ್ಲೇ ಮುರಿದಿತ್ತು. ಬುಡ ಮನುಷ್ಯನ ತೋಳಿನಷ್ಟು ದಪ್ಪ. ಪೈಲ್ ಚಾಕುವಿನಿಂದ ಅದರ ಮುಖ ನಯಗೊಳಿಸಿ, ಭೂತಗನ್ನಡಿ ಹಿಡಿದು ವರ್ಷದ ಬಳೆಗಳನ್ನು ಎಣಿಸಿದರು. ಎಣಿಸಿ ಮುಗಿಸಿದವರು ಮತ್ತೊಮ್ಮೆ ಎಣಿಸಿದರು.

“ನಲವತ್ಮೂರು,” ಎಂದರು. “ಇದು ಹುಟ್ಟಿದ ಮೇಲೆ ಈ ಗೆರೆಯ ಮೇಲೆ ಚಕ್ರ ಉರುಳಿಲ್ಲ. ಒಂದೇ ಗೆರೆಯ ಮೇಲೆ ಓಡೋ ಗಾಡಿ ಯಾವುದೂ ನನಗೆ ಗೊತ್ತಿಲ್ಲ.”

“ಕೋತಿ ಸರ್ಕಸ್ಸಿನ ಸೈಕಲ್ ಇದೆ,” ಎಂದ ಆರ್ವಿಲ್, ತಡೆಯಲಾರದೆ.

“ಬಾಯ್ಮುಚ್ಚು,” ಎಂದಳು ಲೋರೀನ್. ಎರಡು ದಿನದಲ್ಲಿ ಆಕೆ ಅವನ ಮೇಲೆ ಪ್ರೀತಿಯಿಂದ ರೇಗಿದ್ದು ಇದೇ ಮೊದಲು.

ಪೈಲ್ ಆರ್ವಿಲನ ಕಡೆ ತಿರುಗಿದರು. “ಒಂದು ಕೆಲಸ ಬಾಕಿ ಇದೆ. ಇದೆಲ್ಲ ನೀವು ಬರೆದು ಸಹಿ ಹಾಕಿ ಕೊಡ್ಬೇಕು. ನಿಮ್ಮ ಹೆಸರು, ನಿಮ್ಮ ಹಳೇ ಉದ್ಯೋಗ ಸಮೇತ. ಅದು ಎಲ್ಲರೂ ಓದೋ ಕಡತಕ್ಕೆ ಸೇರುತ್ತೆ. ಕೌಂಟಿಯವರೂ ಓದ್ತಾರೆ.”

ಆರ್ವಿಲ್ ಸೆನೆಟರನ ಜೀನು ಬಿಗಿಯತೊಡಗಿದ. ನಲವತ್ತೊಂದನೇ ರಸ್ತೆಯ ನಕಾಶೆ ಬರೆದವರು ಅವನ ಹಳೇ ಜೊತೆಗಾರರೇ. ದಿನಾ ಬೆಳಿಗ್ಗೆ ಆರಕ್ಕೆ ಊರಿನ ಹೋಟೆಲಿನ ಮೂಲೆಯ ಮೇಜಿನಲ್ಲಿ ಅವರ ಜೊತೆಗೇ ಅವನ ಕಾಫಿ. ಹೆಂಡತಿ ಹೋದ ಮೇಲೆ ದಿನದಲ್ಲಿ ಅವನು ಮನುಷ್ಯರ ಜೊತೆ ಆಡುವ ಮಾತಿನಲ್ಲಿ ಅರ್ಧ ಅಲ್ಲೇ.

“ಬಲವಂತ ಇಲ್ಲ ಆರ್ವಿಲ್,” ಎಂದಳು ಲೋರೀನ್, ಮನಸ್ಸಿನಿಂದಲೇ. ನಿನ್ನೆ ತಾನು ಕೇಳಬಾರದ್ದು ಕೇಳಿದ್ದೆ ಎಂಬ ನಾಚಿಕೆ ಆಕೆಯನ್ನು ರಾತ್ರಿಯಿಡೀ ಕುಟುಕಿತ್ತು.

“ಇಳಿಯೋಣ,” ಎಂದ ಆರ್ವಿಲ್. “ಒಂಬತ್ತು ಮೈಲಿ ಇದೆ. ಯೋಚನೆ ಮಾಡೋಕೆ ಸಾಕು.”

ಕಣಿವೆಯ ಮೂಡಣ ಬಾಯಲ್ಲಿ ಸಂಜೆ ಐದಕ್ಕೆ ಶನಿವಾರದ ನಡಿಗೆಯವರು ಹತ್ತಾರು ಜನ ಕಾದಿದ್ದರು. ಪ್ರವಾಹದ ಸುದ್ದಿ ಊರಿಗೆ ಮುಟ್ಟಿತ್ತು. ಮೂವರೂ ಕುಂಟುತ್ತ ಬರುವುದು ಕಂಡು ಗಂಡರ್ಸನ್ನಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು, ಆಮೇಲೆ ಚೆರ್ರಿ ಪೈ ಕತ್ತರಿಸತೊಡಗಿದರು. ಪೈಲ್ ಅವರಿಗೆ ದೊಡ್ಡ ತುಂಡು ಸಿಕ್ಕಿತು. ಸೆನೆಟರ್ ತನ್ನ ಪಾಲನ್ನು ಕೇಳದೆಯೇ ತೆಗೆದುಕೊಂಡಿತು.

ಆರ್ವಿಲ್ ಯಾರದೋ ಪಿಕಪ್ಪಿನ ಬಾನೆಟ್ಟಿನ ಮೇಲೆ ಫಾರಂ ಹರವಿ, ಕನ್ನಡಕ ಏರಿಸಿ, ನಿಧಾನವಾಗಿ ಬರೆದ. ಬೂಟು, ಎಡಗೆರೆ, ಹನ್ನೊಂದು ವರ್ಷ, ಗಂಡರ್ಸನ್ನಮ್ಮನ ಕಾಲು, ಎಲ್ಲ ಬರೆದ. ಕೆಳಗೆ ಉದ್ಯೋಗ ಎಂಬಲ್ಲಿ ‘ರಸ್ತೆ ಕೆಲಸ, ಮೂವತ್ತೊಂದು ವರ್ಷ’ ಎಂದು ತುಂಬಿದ. ಸಹಿ ಹಾಕುವ ಮುಂಚೆ ಯಾರೂ ಕೇಳದ ಇನ್ನೊಂದು ಸಾಲು ಸೇರಿಸಿದ: ‘ರಸ್ತೆ ಎಂದರೇನು ಎಂದು ನನಗೆ ಗೊತ್ತು. ಇದು ರಸ್ತೆಯಲ್ಲ.’

“ನಾಳೆಯಿಂದ ಕಾಫಿ ಮನೇಲೇ,” ಎಂದ, ಪೆನ್ನು ವಾಪಸು ಕೊಡುತ್ತ.

ಪೈಲ್ ಅದನ್ನು ಓದಿದರು. ತಮ್ಮ ಫಾರಂನಲ್ಲಿ ಮೂರು ಸಾಲು ಬರೆದು ಲೋರೀನಳ ಕಡೆ ತಿರುಗಿಸಿ ಹಿಡಿದರು. ಪಡುವಣ ಬಾಯಿಂದ ಮೂಡಣ ಬಾಯಿಯವರೆಗೆ ರಸ್ತೆಯಿಲ್ಲ, ಎಂಟು ಸಾವಿರ ಎಕರೆ ಒಂದೇ ತುಂಡು, ವನ್ಯಪ್ರದೇಶದ ಪಟ್ಟಿಗೆ ಸೇರಲು ಯೋಗ್ಯ.

“ನನ್ನ ಮೇಲೆ ಇನ್ನೂ ನಾಲ್ಕು ಮೇಜುಗಳಿವೆ,” ಎಂದು ಎಚ್ಚರಿಸಿದರು. “ಆಮೇಲೆ ಕಾಯ್ದೆ ಮಾಡೋ ಕಾಂಗ್ರೆಸ್ಸು. ಹತ್ತು ವರ್ಷ ಹಿಡಿದ್ರೂ ಹಿಡೀಬಹುದು.”

“ಹನ್ನೊಂದು ಕಾದಿದ್ದೀನಿ,” ಎಂದಳು ಲೋರೀನ್. ಮೂಗು ಒರೆಸಿಕೊಂಡಳು. ಕಾಗದವನ್ನು ಮತ್ತೊಮ್ಮೆ ಓದಿದಳು, ಆಮೇಲೆ ಗಂಡರ್ಸನ್ನಮ್ಮನಿಗೂ ಗಟ್ಟಿಯಾಗಿ ಓದಿ ಹೇಳಿದಳು. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರ ಕೈಯಲ್ಲಿ ಪೈ ಇತ್ತು.

ಆರ್ವಿಲ್ ಸೆನೆಟರನನ್ನು ಗಾಡಿಗೆ ಹತ್ತಿಸುವ ನೆಪದಲ್ಲಿ ದೂರ ಹೋಗಿ ನಿಂತಿದ್ದ. ಲೋರೀನ್ ಅಲ್ಲಿಗೆ ಹೋದಳು.

“ನಾಡಿದ್ದು ಶನಿವಾರ. ಹದಿನಾಲ್ಕು ಜನ ಹೆಸರು ಕೊಟ್ಟಿದ್ದಾರೆ.”

“ಹೆಂಗೆ ಕರ್ಕೊಂಡು ಹೋಗ್ತೀಯ? ಸಂದಿ ತುಂಬ ಬಂಡೆ. ಕೆಳಗಿನ ಆರು ಮೈಲಿನೂ ಎದ್ದು ಹೋಗಿರುತ್ತೆ. ದಾರಿ ಅನ್ನೋದೇ ಇಲ್ಲ.”

“ಗೊತ್ತು. ನನಗೆ ದಾರಿ ಇದ್ರೆ ಅದರ ಮೇಲೆ ನಡೆಯೋಕೆ ಬರುತ್ತೆ. ಇಲ್ಲದ ಕಡೆ ನೆಲ ನೋಡಿ ಕಾಲಿಡೋಕೆ ನಿನಗೆ ಬರುತ್ತೆ.” ಆಕೆ ಅವನ ಅಂಗಿಯ ಕೆಸರು ಕೊಡವಿದಳು. “ಇನ್ಮೇಲೆ ಸಾಲಿನ ಮುಂದೆ ನೀನು ನಡಿ. ಬೆಳಿಗ್ಗೆ ಆರಕ್ಕೆ ನಮ್ಮನೆಗೆ ಬಾ, ಕಾಫಿ ಅಲ್ಲೇ.”